ಅಮ್ಮನ "ಹಲೋ", ನನ್ನ ಸಿಪ್

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲೆ ಹಳೇ ವೆಬ್‌ಕ್ಯಾಮ್ ಒಂದು ಸಿಕ್ತು. ಅಜ್ಜಿ ಇದ್ದಾಗಿನದು. ಭಾನುವಾರ ಬೆಳಿಗ್ಗೆ ಅಮೆರಿಕದಿಂದ ಚಿಕ್ಕಪ್ಪ ಸ್ಕೈಪಿನಲ್ಲಿ ಬರ್ತಾರೆ ಅಂದ್ರೆ ಸಾಕು, ಅಜ್ಜಿ ಒಳ್ಳೇ ಸೀರೆ ಉಟ್ಟು, ತಲೆ ಬಾಚಿಕೊಂಡು ಕಂಪ್ಯೂಟರ್ ಮುಂದೆ ಕೂತುಬಿಡೋರು. ಚಿತ್ರ ನಿಂತುಹೋದರೂ ಅವರ ಮಾತು ನಿಲ್ತಿರಲಿಲ್ಲ :)

ಅಂಥ ಅಜ್ಜಿಯ ಮೊಮ್ಮಗ ನಾನು, ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟಿಗೆ ಇಂಟರ್ನೆಟ್ ಫೋನನ್ನೇ ಆರಿಸಿಕೊಂಡೆ. ಓದುತ್ತಾ ಹೋದಂತೆ ಗೊತ್ತಾಯ್ತು, ಇಲ್ಲೂ ದೊಡ್ಡ ಪೈಪೋಟಿಯೇ ನಡೆದಿದೆ. 1996ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎಚ್.323 ಅನ್ನೋದನ್ನು ತಂತು. ಅದರ ಸಂದೇಶವೆಲ್ಲ ಬೈನರಿ, ಬರಿಗಣ್ಣಿಗೆ ಓದೋಕಾಗಲ್ಲ. 1999ರಲ್ಲಿ ಇಂಟರ್ನೆಟ್ಟಿನವರ ಕಡೆಯಿಂದ ಸಿಪ್ ಬಂತು. ವೆಬ್ಬಿನ ಎಚ್‌ಟಿಟಿಪಿ ಥರ ಸಾದಾ ಅಕ್ಷರ. ಕರೆಯೋಕೆ 'ಇನ್ವೈಟ್', ಆ ಕಡೆ ರಿಂಗಾದ್ರೆ '180', ಎತ್ತಿದ್ರೆ '200 ಓಕೆ', ಇಟ್ಟರೆ 'ಬೈ'. ಈಮೇಲಿನ ಹಾಗೆ ಯಾರ ಸರ್ವರಿನಿಂದ ಯಾರ ಸರ್ವರಿಗಾದರೂ ಕರೆ ಹೋಗಬೇಕು ಅನ್ನೋದು ಅದರ ಕನಸು. ನಾನಂತೂ ಫಿದಾ!

ಒಂದು ಸರ್ವರಿನಲ್ಲಿ ಆಸ್ಟೆರಿಸ್ಕ್ ಹಾಕಿ, ಅಮ್ಮನ ಮೊಬೈಲಿಗೂ ಸಿಪ್ ಆಪ್ ತುಂಬಿ, ಹಾಸ್ಟೆಲಿನಿಂದ ಜಂಬದಲ್ಲಿ ಫೋನ್ ಮಾಡಿದೆ. ಅಮ್ಮ ಎತ್ತಿದರು. "ಹಲೋ... ಹಲೋ... ಮಾತಾಡೋ!" ನನಗೆ ಕೇಳ್ತಿತ್ತು, ಅವರಿಗೆ ನನ್ನ ಮಾತು ಕೇಳ್ತಿರಲಿಲ್ಲ. ಒಂದು ವಾರ ಹೀಗೇ. ಕೊನೆಗೆ ಅಮ್ಮ, "ಬೇಡ ಮಾರಾಯ, ವಾಟ್ಸಾಪಲ್ಲೇ ಮಾಡು" ಅಂದ್ರು. ಪ್ರಾಜೆಕ್ಟಿಗೆ ಒಳ್ಳೇ ಅಂಕ ಬಂತು. ಆದರೂ ಆ ಮಾತು ಚುಚ್ಚಿತು.

ತಪ್ಪು ನಂದೇ. ವಠಾರ ನೆನಪಿಸಿಕೊಳ್ಳಿ. ಹತ್ತು ಮನೆಗೂ ಬೀದಿಯ ನಂಬರ್ ಒಂದೇ. ಮನೆಯ ವೈಫೈ ರೌಟರ್ ಮಾಡೋದೂ ಇದನ್ನೇ, ಅದಕ್ಕೆ ನ್ಯಾಟ್ ಅಂತಾರೆ. ಸಿಪ್ ಕಾಗದದ ಒಳಗೆ 'ಹಿಂದಿನ ಮೂರನೇ ಮನೆ' ಅಂತಷ್ಟೇ ಬರೆದು ಕಳಿಸುತ್ತೆ. ಹೊರಗಿನವನು ಮಾತನ್ನು ಎಲ್ಲಿಗೆ ತಲುಪಿಸಬೇಕು? ಇದಕ್ಕೆ ಸರಿಯಾದ ಮದ್ದು, ಐಸ್ ಅನ್ನೋದು, ಮಾನಕವಾಗಿ ಬರೋವಷ್ಟರಲ್ಲಿ 2010. ನಾನು ಅದನ್ನೂ ಹಾಕಿರಲಿಲ್ಲ!

ಸ್ಕೈಪ್ 2003ರಲ್ಲೇ ಈ ಗೋಡೆ ದಾಟಿತ್ತು. ನೇರ ದಾರಿ ಸಿಗದಿದ್ದರೆ ಬೇರೆ ಬಳಕೆದಾರರ ಕಂಪ್ಯೂಟರ್ ಮೂಲಕವೇ ಮಾತು ಸಾಗಿಸ್ತಿತ್ತು. ತನ್ನ ಪ್ರೋಟೊಕಾಲನ್ನು ಯಾರಿಗೂ ಬಿಟ್ಟುಕೊಡಲಿಲ್ಲ, ಆದರೆ ಅಜ್ಜಿ ರೌಟರ್ ಮುಟ್ಟಬೇಕಾಗಲಿಲ್ಲ. ಆಮೇಲೆ ವಾಟ್ಸಾಪ್ ಹೊಸ ಐಡಿಯನ್ನೂ ಕೇಳಲಿಲ್ಲ, ಫೋನ್ ನಂಬರ್ರೇ ಸಾಕು ಅಂತು. ಚೆಂದದ ಮಾನಕ ಗೆಲ್ಲುತ್ತೆ ಅಂದುಕೊಂಡಿದ್ದೆ. ಗೆಲ್ಲೋದು ಅಮ್ಮನಿಗೆ ಹೊಸ ಕೆಲಸ ಕೊಡದೇ ಇರೋದು.

ಹಾಗಾದ್ರೆ ಸಿಪ್ ಸೋತಿತಾ? ಇಲ್ಲಿದೆ ತಮಾಷೆ. ಮೊಬೈಲ್ ಜಾಲಗಳ ಮಾನಕ ಬರೆಯೋ 3ಜಿಪಿಪಿ 2000ದಲ್ಲೇ ಸಿಪ್ಪನ್ನು ಆರಿಸಿತ್ತು. 4ಜಿಯ ವೋಲ್ಟೀಯಲ್ಲಿ ಕರೆ ಕೂಡಿಸೋದು ಅದೇ. 2016ರಲ್ಲಿ ಬರೀ 4ಜಿ ಜಾಲದ ಜಿಯೋ ಬಂದಾಗ ಹಳ್ಳಿ ಹಳ್ಳಿಯ ಜೇಬಿಗೂ ಸಿಪ್ ಬಂತು, ಹೆಸರಿಲ್ಲದೆ. ಆದರೆ ಈಮೇಲಿನಂಥ ವಿಳಾಸ, ಯಾರ ಸರ್ವರಾದರೂ ಸರಿ ಅನ್ನೋ ಕನಸು ಮಾತ್ರ ಮನೆಗಳಿಗೆ ಬರಲೇ ಇಲ್ಲ. ಸಿಪ್ ಗೆದ್ದಿತು, ನಾನು ಮೆಚ್ಚಿದ ಸಿಪ್ ಅಲ್ಲ.

ಸ್ಕೈಪ್ 2025ರ ಮೇ 5ಕ್ಕೆ ಮುಚ್ಚಿತು. ಒಬ್ಬರದೇ ಬಾಗಿಲು, ಅವರು ಹಾಕಿದ್ರೆ ಮುಗೀತು. ಅವತ್ತು ಚಿಕ್ಕಪ್ಪ ಫೋನಿನಲ್ಲಿ, "ಅಮ್ಮನ ಹೆಸರು ಅದರಲ್ಲೇ ಇತ್ತಲ್ಲೋ..." ಅಂದು ಸುಮ್ಮನಾದರು. ನನಗೂ ಏನು ಹೇಳೋದು ಗೊತ್ತಾಗಲಿಲ್ಲ.

ವೆಬ್‌ಕ್ಯಾಮನ್ನು ಒರೆಸಿ ಮತ್ತೆ ಅಟ್ಟಕ್ಕೇ ಇಟ್ಟು ಬಂದೆ. ಬೆಂಗಳೂರು ತಲುಪಿ ಅಮ್ಮನಿಗೆ ಫೋನ್ ಮಾಡಿ, "ಅಮ್ಮಾ, ಈಗ ಈ ಕರೆ ಬಂದದ್ದು ನನ್ನ ಪ್ರಾಜೆಕ್ಟಿನ ಸಿಪ್ಪಲ್ಲೇ" ಅಂದೆ.

"ಹೌದಾ? ಈಗ ನಿನ್ನ ಮಾತು ಕೇಳ್ತದಲ್ಲ, ಅಷ್ಟು ಸಾಕು. ಊಟ ಆಯ್ತಾ?"

ನಿಮ್ಮನೇಲಿ ಮೊದಲ ಇಂಟರ್ನೆಟ್ ಕರೆ ಯಾವುದರಲ್ಲಿ ಬಂದಿತ್ತು? ನೆನಪಿದ್ರೆ ಹೇಳಿ.