ಕಸವಿಲ್ಲದ ಮನೆ

ವೇಣೂರೆಂದೊಡನೆ ಪರಸ್ಥಳದವರ ನೆನಪಿಗೆ ಬರುವುದು ಫಲ್ಗುಣೀ ನದಿಯ ತಟದಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ಪ್ರತಿಷ್ಠಾಪಿಸಿದ 35 ಅಡಿಯ ಗೊಮ್ಮಟ. ಏನನ್ನೂ ತನ್ನದೆನ್ನದೆ ನಿಂತ ಆ ಮಹಾಮೂರ್ತಿಯ ಸುತ್ತಮುತ್ತಣ ಅಡಕೆಯ ತೋಟಗಳಲ್ಲಿ ನೆಲಸಿದ ಸಂಸಾರಿಗಳು ವಿರಾಗಿಗಳೇನಲ್ಲ. ಆದರೂ ಮರದಿಂದ ಬಿದ್ದುದನ್ನು ಕಸವೆಂದು ಎಸೆಯುವ ವಾಡಿಕೆ ಆ ಮನೆಗಳಲ್ಲಿರಲಿಲ್ಲ. ‘ಪರಿಸರ ಸಂರಕ್ಷಣೆ’ ಎಂಬ ಸಮಾಸಪದವು ರೂಢಿಗೆ ಬರುವುದಕ್ಕೆ ಬಹಳ ಮುಂಚಿನ ಮಾತಿದು.

ಹಾಳೆಯನ್ನೇ ತೆಗೆದುಕೊಳ್ಳಬಹುದು. ಹಳಗನ್ನಡದ ಪಕಾರವು ಹಕಾರವಾಗಿ ಮಾರ್ಪಟ್ಟಾಗ ‘ಪಾಳೆ’ಯು ‘ಹಾಳೆ’ಯಾಯಿತು, ತುಳುವಿನಲ್ಲಿ ಅದು ಇಂದಿಗೂ ಪಾಳೆಯೇ. ವಿದ್ಯಾರ್ಥಿಗಳು ಬರೆಯುವ ಕಾಗದಕ್ಕೂ ಇದೇ ಹೆಸರು ಸಂದಿದೆ. ಸೋಗೆಯೊಡನೆ ಕಳಚಿ ಬಿದ್ದ ಈ ಹಾಳೆಯು ಗೇಯುವವನ ತಲೆಗೆ ಮುಟ್ಟಾಳೆ, ಸೆಕೆಗೆ ಬೀಸಣಿಗೆ, ಎಳೆಯ ಶಿಶುವಿಗೆ ಎಣ್ಣೆಯೊತ್ತಿ ಮೀಯಿಸಲು ಹಾಸು. ಹರಿದ ಮೇಲೆ ಹಟ್ಟಿಗೆ. ಹಟ್ಟಿಯಿಂದ ಗೊಬ್ಬರವಾಗಿ ಮತ್ತೆ ಮರದ ಬುಡಕ್ಕೆ. ಈಚೆಗೆ ಅದನ್ನು ನೀರಿನಲ್ಲಿ ನೆನೆಯಿಸಿ, ಕಾದ ಅಚ್ಚಿನಲ್ಲಿ ಒತ್ತಿ ತಟ್ಟೆಗಳನ್ನು ಮಾಡುತ್ತಾರೆ. ಅವು ಕಡಲಾಚೆಗೂ ರವಾನೆಯಾಗುತ್ತಿವೆ. ತನ್ನ ತೋಟದ ಹಾಳೆ ಪರದೇಶದ ಔತಣಕ್ಕೆ ಹೋಗುತ್ತಿರುವಾಗ, ಮನೆಯ ಸಮಾರಂಭಕ್ಕೆ ಪೇಟೆಯಿಂದ ಪ್ಲಾಸ್ಟಿಕ್ ಲೇಪದ ತಟ್ಟೆಗಳನ್ನು ಕೊಂಡುತರುವ ಗೃಹಸ್ಥನ ಲೆಕ್ಕಾಚಾರ ಯಾವ ಗಣಿತಶಾಸ್ತ್ರಕ್ಕೂ ನಿಲುಕದು.

ಹಾಳೆಯಂತೆಯೇ ಉಳಿದವು. ಅಡಕೆಯ ಸಿಪ್ಪೆ, ತೆಂಗಿನ ಮಡಲು ಬಚ್ಚಲಿನ ಹಂಡೆಯೊಲೆಗೆ. ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ, ಮಿಕ್ಕುದು ಬಸಳೆಯ ಬುಡಕ್ಕೆ. ಕಲಗಚ್ಚು, ಹಲಸಿನ ಸಿಪ್ಪೆ ದನಗಳ ಪಾಲು. ಬಚ್ಚಲಿನ ನೀರು ಹರಿದು ಹೋಗುವಲ್ಲಿ ಬಾಳೆ, ಕೆಸು. ಆ ಕೆಸುವೇ ಆಟಿಯ ತಿಂಗಳಲ್ಲಿ ಪತ್ರೊಡೆಯಾಗಿ ಅಡುಗೆಮನೆಗೆ ಮರಳುತ್ತಿತ್ತು.

ಇದನ್ನೆಲ್ಲ ಕೊಂಡಾಡುವಾಗ ಒಂದು ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ಈ ವ್ಯವಸ್ಥೆಯ ಭಾರವನ್ನು ಹೊತ್ತವರು ಬಹುಮಟ್ಟಿಗೆ ಮನೆಯ ಹೆಂಗಸರು ಮತ್ತು ಕೂಲಿಯಾಳುಗಳು. ಕುಮ್ಕಿಯ ಗುಡ್ಡದಿಂದ ಸೊಪ್ಪಿನ ಹೊರೆ ಇಳಿಸಿದವರು, ಆಳದ ಬಾವಿಯಿಂದ ಕೊಡ ಕೊಡವಾಗಿ ನೀರು ಸೇದಿದವರು, ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡವರು ಅವರೇ. ಬಡಿಸಿದ್ದನ್ನು ಉಂಡವರಿಗೆ ಹಿಂದಿನ ಕಾಲವೇ ಚೆನ್ನಾಗಿತ್ತೆಂದು ತೋರಬಹುದು. ಒಲೆ ಊದಿದವರನ್ನು ಕೇಳಬೇಕು. ಅಡುಗೆ ಅನಿಲ ಬಂದುದು ಒಳ್ಳೆಯದೇ ಆಯಿತು. ಹಟ್ಟಿಯಲ್ಲಿ ಇನ್ನೂ ನಾಲ್ಕೈದು ದನಗಳಿರುವ ಮನೆಗೆ ಗೋಬರ್ ಗ್ಯಾಸು ಅದಕ್ಕಿಂತಲೂ ಲೇಸು: ಹೊಗೆಯಿಲ್ಲ, ಗೊಬ್ಬರದ ಸಾರವೂ ನಷ್ಟವಾಗದು. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಇಂಥ ಘಟಕಗಳಿಗೆ ಉತ್ತೇಜನವಿತ್ತಿದೆ.

ಚಿಂತೆಗೆ ಕಾರಣವಾಗಿರುವುದು ಆ ಹಂಡೆಯೊಲೆಯೇ. ಸಿಪ್ಪೆ ಉರಿಯುತ್ತಿದ್ದ ಬಾಯಿಗೆ ಈಗ ಹಾಲಿನ ತೊಟ್ಟೆ, ತಿಂಡಿಯ ಪೊಟ್ಟಣ, ಹರಿದ ಚಪ್ಪಲಿಗಳು ಬೀಳುತ್ತಿವೆ. ಏಕಬಳಕೆಯ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಿದ್ದರೂ ಹಾಲಿನ ತೊಟ್ಟೆ ಆ ಪಟ್ಟಿಯಲ್ಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಅಂಶವಿದ್ದರೆ ಅದರ ದಹನದಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹೊಗೆಯೊಡನೆ ಹೋಗುವುದಲ್ಲದೆ ಬೂದಿಯಲ್ಲಿಯೂ ಉಳಿಯುತ್ತದೆ. ಅದೇ ಬೂದಿ ಬಸಳೆಗೆ ಬೀಳುತ್ತದೆ, ಮೊಮ್ಮಕ್ಕಳು ಉಣ್ಣುವ ತಟ್ಟೆಯನ್ನು ಬೆಳಗುತ್ತದೆ. ಹಿರಿಯರ ವೃತ್ತ ಮುರಿದಿಲ್ಲ. ಅದರೊಳಗೆ ಸುತ್ತುವ ವಸ್ತು ಬದಲಾಗಿದೆ. ತೊಟ್ಟೆಯನ್ನು ತೊಳೆದು ಒಣಗಿಸಿ, ಬೇರೆಯಾಗಿ ಕೂಡಿಟ್ಟು ಪಂಚಾಯತಿನ ವಾಹನಕ್ಕೆ ಕೊಡುವುದು ದಿನಕ್ಕೆ ಎರಡು ನಿಮಿಷದ ಕೆಲಸ. ಪೇಟೆಗೆ ಹೊರಡುವಾಗ ಬಟ್ಟೆಯ ಚೀಲ ಕೈಯಲ್ಲಿದ್ದರೆ ಕೂಡಿಡುವ ಶ್ರಮವೂ ಅಷ್ಟು ಕಡಮೆ.

ನೀರಿನ ಮಾತೂ ಇದೆ. ವರುಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಏಪ್ರಿಲ್ ಬಂತೆಂದರೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. 100 ಚದರ ಮೀಟರಿನ ಮಾಡಿನ ಮೇಲೆ ಅಷ್ಟು ಮಳೆಗೆ ಬೀಳುವುದು 3,50,000 ಲೀಟರು. ಐವರ ಸಂಸಾರವು ತಲೆಗೆ ದಿನಕ್ಕೆ 100 ಲೀಟರಿನಂತೆ ಬಳಸಿದರೂ ವರುಷಕ್ಕೆ ಬೇಕಾಗುವುದು 1,82,500 ಲೀಟರು ಮಾತ್ರ. ಮೊದಲ ಒಂದೆರಡು ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಇದ್ದಲು, ಮರಳು ತುಂಬಿದ ತೊಟ್ಟಿಯಲ್ಲಿ ಸೋಸಿ ಬಾವಿಗೆ ಇಳಿಸಬಹುದು. ಬಿದ್ದ ಅಡಕೆಯ ಮರವನ್ನು ಸೀಳಿ ತಿರುಳು ತೆಗೆದರೆ ದಂಬೆ ಸಿದ್ಧ. ಪತ್ತನಾಜೆಗೆ, ಎಂದರೆ ಮೇ 24ರ ಸುಮಾರಿಗೆ, ಮುಂಚೆಯೇ ಅದನ್ನು ಮಾಡಿನಂಚಿಗೆ ಕಟ್ಟಿರಬೇಕು.