ಅಪ್ಪನ ಅರವತ್ತು ಕೇಜಿ ಮಶೀನು

ಎರಡು ತಿಂಗಳಾಯ್ತು ಇಲ್ಲಿ ಏನೂ ಬರೆದು. ಆಫೀಸಿನ ಕೆಲಸದ ನೆಪ ಹೇಳಬಹುದಿತ್ತು, ಆದ್ರೆ ನಿಜ ಕಾರಣ ಅದಲ್ಲ. ಊರಲ್ಲಿ ಅಪ್ಪನ ಕುಲುಮೆ ಮುಚ್ಚಿತು. ಅದನ್ನ ಬರೆಯದೆ ಬೇರೆ ಏನು ಬರೆಯೋಕೂ ಮನಸ್ಸು ಬರಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಊರು. ಅಪ್ಪ ಕತ್ತಿ, ಗುದ್ದಲಿ, ಹಾರೆ ಮಾಡ್ತಿದ್ದರು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಾ ತಂದು, ಕಡಿದು, ಕಾಯಿಸಿ, ತಟ್ಟಿ ಕತ್ತಿ ಮಾಡೋದು. ಕುಲುಮೆಯ ಮೂಲೆಯಲ್ಲಿ ಆಳೆತ್ತರದ ಒಂದು ಪವರ್ ಹ್ಯಾಮರ್. ಊರಿನವರ ಬಾಯಲ್ಲಿ ಅದು 'ಆಚಾರ್ರ ಮಶೀನು'. ಅದು ಶುರುವಾದ್ರೆ ನಮ್ಮನೆ ಲೋಟಗಳೆಲ್ಲ ಗೂಡಿನಲ್ಲಿ ಕುಣಿಯುತ್ತಿದ್ದವು. ಪರೀಕ್ಷೆಗೆ ಓದುವಾಗ ಎಷ್ಟು ಶಾಪ ಹಾಕಿದ್ದೀನೋ ಲೆಕ್ಕ ಇಲ್ಲ :)

ಹೋದ ವರ್ಷ ಅಪ್ಪನಿಗೆ ಬಲಗೈ ನಡುಗೋಕೆ ಶುರುವಾಯ್ತು. ನಡುಗೋ ಕೈಯಲ್ಲಿ ಇಕ್ಕಳ ಹಿಡಿದು ಮಶೀನಿನ ಮುಂದೆ ನಿಲ್ಲೋ ಹಾಗಿಲ್ಲ. ಗುಜರಿಯವನು ಬಂದು ಕೆಜಿಗೆ 30 ರೂಪಾಯಿ ಅಂದನಂತೆ, ಅಂದಾಜು 1,800 ಕೆಜಿ, ಅಂದ್ರೆ 54,000 ರೂಪಾಯಿ. ಅಪ್ಪ ಹೂಂ ಅಂದುಬಿಟ್ಟಿದ್ದರು. ಅಮ್ಮ ಫೋನ್ ಮಾಡಿ "ನೀನೊಂದ್ಸಲ ಬಂದು ಹೋಗು ಮಗಾ" ಅಂದಳು. ಅಷ್ಟೇ ಅಂದಿದ್ದು.

ನಾನು ಹೋಗಿ ಗುಜರಿಯವನ ಹತ್ರ ಒಂದು ವಾರ ಟೈಮ್ ಕೇಳಿದೆ.

ಮನೆಯಲ್ಲಿ ಮೊದಲಿಂದ ಒಂದು ಮಾತಿತ್ತು, ಇದು ಇಂಗ್ಲೆಂಡಿನ ಮಶೀನು ಅಂತ. ಅಪ್ಪ 1988ರಲ್ಲಿ ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡಾಗ ಮಾರಿದವನು ಹೇಳಿದ್ದಂತೆ. ರಾತ್ರಿ ಕೂತು ಹುಡುಕಿದೆ. ಮ್ಯಾಂಚೆಸ್ಟರಿನಲ್ಲಿ ಬಿ ಅಂಡ್ ಎಸ್ ಮ್ಯಾಸ್ಸಿ ಅಂತ ಕಂಪನಿ ಇತ್ತು, ಅವರ ಹ್ಯಾಮರ್‌ಗಳಿಗೆ ಇವತ್ತಿಗೂ ಬೆಲೆ. ಅಮೆರಿಕಾದ ಮಿನ್ನೆಸೋಟಾದ ಮ್ಯಾಂಕೇಟೋ ಊರಲ್ಲಿ ಮಾಡುತ್ತಿದ್ದ 'ಲಿಟಲ್ ಜೈಂಟ್'ಗಂತೂ ಅಭಿಮಾನಿಗಳೇ ಇದ್ದಾರೆ. ಡಾಲರಿನಲ್ಲಿ ಬೆಲೆ ನೋಡಿ, ರೂಪಾಯಿಗೆ ಗುಣಿಸಿ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ!

ಬೆಳಿಗ್ಗೆ ಎದ್ದು ಮಶೀನಿನ ಮುಂದೆ ನಿಂತೆ. ಮ್ಯಾಸ್ಸಿಯವರ ನ್ಯೂಮ್ಯಾಟಿಕ್ ಹ್ಯಾಮರಿನಲ್ಲಿ ಸುತ್ತಿಗೆಯನ್ನ ಎತ್ತಿ ಇಳಿಸೋದು ಗಾಳಿ, ಅದಕ್ಕೆ ದಪ್ಪ ಸಿಲಿಂಡರ್ ಇರುತ್ತೆ. ನಮ್ಮದರಲ್ಲಿ ಸಿಲಿಂಡರೇ ಇಲ್ಲ. ಲಿಟಲ್ ಜೈಂಟಿನಲ್ಲಿ ಮೇಲುಗಡೆ ಸುರುಳಿ ಸ್ಪ್ರಿಂಗು, ಅದರ ಎರಡೂ ಬದಿ ತೋಳುಗಳು. ನಮ್ಮದರಲ್ಲಿ ಲಾರಿಯ ಪಟ್ಟಾದಂಥದ್ದೇ ಎಲೆ ಸ್ಪ್ರಿಂಗಿನ ಕಟ್ಟು, ತಕ್ಕಡಿಯ ದಂಡಿಗೆಯ ಹಾಗೆ ನಡುವೆ ಕೂತಿದೆ. ಹಿಂದಿನ ತುದಿಯನ್ನ ಮೋಟಾರಿನ ಕ್ರ್ಯಾಂಕು ಎಳೆದು ತಳ್ಳುತ್ತೆ, ಮುಂದಿನ ತುದಿಯಲ್ಲಿ ಸುತ್ತಿಗೆ ಕುಟ್ಟುತ್ತೆ. ಅಲ್ಲಿಗೆ ನನ್ನ ಡಾಲರ್ ಕನಸು ಮುಗೀತು.

ಆದ್ರೂ ಹೆಸರಿನ ಪ್ಲೇಟು ಎಲ್ಲಾದ್ರೂ ಇರಲೇಬೇಕಲ್ಲ? ಅಮ್ಮನೇ ತೋರಿಸಿದಳು. ಪ್ರತಿ ಆಯುಧ ಪೂಜೆಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದ ಜಾಗ. ಅದರ ಮೇಲೆ ಪೇಂಟು, ಮತ್ತೆ ಕುಂಕುಮ, ಮತ್ತೆ ಗ್ರೀಸು. ಸೀಮೆಎಣ್ಣೆ ಬಟ್ಟೆಯಲ್ಲಿ ಅರ್ಧ ಗಂಟೆ ಉಜ್ಜಿದ ಮೇಲೆ ಅಕ್ಷರ ಕಂಡವು. ಕಂಪನಿ ಹೆಸರು ಸವೆದು ಹೋಗಿತ್ತು. ಉಳಿದಿದ್ದು ಎರಡೇ: '60 ಕೆಜಿ', ಕೊನೆಯಲ್ಲಿ 'ಬಟಾಲಾ'. ಪಂಜಾಬಿನ ಬಟಾಲಾ, ಎರಕದ ಕೆಲಸಕ್ಕೆ ಹೆಸರಾದ ಊರು. ಅಪ್ಪನಿಗೆ ಹೇಳಿದೆ. "ಪಂಜಾಬೋ ಇಂಗ್ಲೆಂಡೋ, ಮೂವತ್ತೈದು ವರ್ಷದ ಮೇಲಾಯ್ತಲ್ಲ ಮಾರಾಯ ಅನ್ನ ಹಾಕಿದ್ದು" ಅಂದರು.

ಅಪ್ಪ ಯಾವಾಗಲೂ 'ಅರವತ್ತು ಕೇಜಿ ಮಶೀನು' ಅನ್ನೋರು. ಟನ್‌ಗಟ್ಟಲೆ ತೂಗೋದಕ್ಕೆ ಅರವತ್ತು ಕೇಜಿ ಅಂತಾರಲ್ಲ ಅಂತ ಚಿಕ್ಕಂದಿನಲ್ಲಿ ನಗುತ್ತಿದ್ದೆ. ಪವರ್ ಹ್ಯಾಮರನ್ನ ಅಳೆಯೋದೇ ಹಾಗಂತೆ, ಬೀಳೋ ಸುತ್ತಿಗೆಯ ತೂಕದಿಂದ. ಟೇಪ್ ಹಿಡಿದು ಅಳೆಯೋಕೆ ಹೋದೆ. "ಮೊದಲು ಅಡಿಗೆ ಮರದ ತುಂಡು ಕೊಡು, ಆಮೇಲೆ ಕೈ ಹಾಕು" ಅಂತ ಬೈಸಿಕೊಂಡೆ. ಸುತ್ತಿಗೆ 15 ಸೆಂ.ಮೀ. ಅಗಲ, 15 ದಪ್ಪ, 35 ಉದ್ದ. ಉಕ್ಕು ಒಂದು ಘನ ಸೆಂ.ಮೀ.ಗೆ 7.85 ಗ್ರಾಂ. ಗುಣಿಸಿದರೆ ಹತ್ತಿರ ಹತ್ತಿರ 62 ಕೆಜಿ, ಅಚ್ಚು ಕೂರಿಸೋ ಗಾಡಿ ಕಳೆದರೆ ಅರವತ್ತು. ಪ್ಲೇಟು ಸುಳ್ಳು ಹೇಳಿರಲಿಲ್ಲ. ಕೆಳಗಿನ ಅಡಿಗಲ್ಲಿನ ಭಾಗ ಇದರ ಹತ್ತು ಪಟ್ಟಾದ್ರೂ ತೂಗಬೇಕು, ಹದಿನೈದಾದ್ರೆ ಇನ್ನೂ ಒಳ್ಳೇದು. ಇಲ್ಲದಿದ್ರೆ ಪೆಟ್ಟು ಕಬ್ಬಿಣಕ್ಕೆ ಹೋಗೋ ಬದಲು ನೆಲಕ್ಕೆ ಹೋಗುತ್ತೆ.

ಗುಜರಿ ಬೆಲೆ ಅನ್ನೋದು ನೆಲ, ಹೊಸ ಮಶೀನಿನ ಬೆಲೆ ಅನ್ನೋದು ಸೂರು. ಬುಷ್, ಬೆಲ್ಟು, ಅಚ್ಚು ಸಾಣೆ ಹಿಡಿಸೋ ಖರ್ಚು, ಕ್ರೇನು, ಲಾರಿ ಬಾಡಿಗೆ ಎಲ್ಲ ಕಳೆದು ಇವೆರಡರ ನಡುವೆ ಎಲ್ಲೋ ನಿಜವಾದ ಬೆಲೆ ಇರುತ್ತೆ. ನಡೆಯೋ ಸ್ಥಿತಿಯಲ್ಲಿರೋ ಮಶೀನನ್ನ ತಗೊಳ್ಳೋನು ಅದರಲ್ಲಿ ದುಡಿಯೋನೇ ಆಗಿರಬೇಕು. ಗೆಳೆಯನೊಬ್ಬನ ಕಡೆಯಿಂದ ರಾಣೆಬೆನ್ನೂರಿನ ಒಬ್ಬರು ಸಿಕ್ಕರು. ಕುಂಟೆಯ ಕುಡ, ನೇಗಿಲ ಗುಳ ಮಾಡೋರು. ಭಾನುವಾರ ಬಂದರು.

ನಾನು ಉಜ್ಜಿ ಉಜ್ಜಿ ಹೊಳೆಸಿದ್ದ ಪ್ಲೇಟನ್ನ ಅವರು ತಿರುಗಿ ಕೂಡ ನೋಡಲಿಲ್ಲ :( ಸುತ್ತಿಗೆಯನ್ನ ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರು, ಗೈಡಿನಲ್ಲಿ ಎಷ್ಟು ಸಡಿಲ ಇದೆ ಅಂತ. ಪಟ್ಟಾದ ಎಲೆ ಒಂದೊಂದನ್ನೂ ಬೆರಳಲ್ಲಿ ಸವರಿದರು. ಸಣ್ಣ ಸುತ್ತಿಗೆಯಲ್ಲಿ ಎರಕದ ಮೈಯನ್ನ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಒಡಕಿದ್ದರೆ ದನಿ ಬೇರೆ ಬರುತ್ತಂತೆ. ಆಮೇಲೆ ಮೋಟಾರ್ ಹಾಕಿ, ಕಾಲಿಂದ ಪೆಡಲ್ ಮೆಲ್ಲಗೆ ಒತ್ತಿ, ಕಾದ ಪಟ್ಟಾದ ತುಂಡೊಂದನ್ನ ತಟ್ಟಿದರು. "ಚಲೋ ಐತ್ರೀ ಆಚಾರ್ರ. 95 ಸಾವಿರ ಕೊಡ್ತೀನಿ. ಕ್ರೇನು, ಲಾರಿ ನಂದ" ಅಂದರು. ನಾನು ಒಳಗೊಳಗೇ ಕುಣಿದೆ.

ಆಗ ಅಪ್ಪ "ಒಂದ್ನಿಮಿಷ ತಡೀರಿ" ಅಂದು ಹತ್ತಿರ ಹೋದರು. ಪಟ್ಟಾ ಹಿಡಿದುಕೊಂಡಿರೋ ಬ್ರಾಕೆಟ್ಟಿನ ಬುಡಕ್ಕೆ ಒಂದು ಕಬ್ಬಿಣದ ಪಟ್ಟಿ ಬಿಗಿದಿತ್ತು. ನಾನು ಇಷ್ಟು ವರ್ಷ ಅದು ಮಶೀನಿನದ್ದೇ ಭಾಗ ಅಂದುಕೊಂಡಿದ್ದೆ. "ಇದರ ಕೆಳಗೆ ಕೂದಲೆಳೆ ಬಿರುಕುಂಟು. 98ರಲ್ಲಿ ಕಂಡಿದ್ದು. ಅಲ್ಲಿಂದ ಬೆಳೆದಿಲ್ಲ, ಆದ್ರೂ ನೋಡ್ಕಳಿ" ಅಂದರು.

95 ಹೋಗಿ 80 ಆಯ್ತು.

ಅವರು ಅಡ್ವಾನ್ಸ್ ಕೊಟ್ಟು ಹೋದ ಮೇಲೆ ಅಪ್ಪನ ಮೇಲೆ ರೇಗಿದೆ. ಹದಿನೈದು ಸಾವಿರ ಒಂದು ಮಾತಿಗೆ ಹೋಯ್ತಲ್ಲ ಅಂತ. ಅಪ್ಪ ಜೋರು ಮಾಡಲಿಲ್ಲ. "ಅದು ಇರೋದು ಅವರ ತಲೆ ಮೇಲೆ, ನಿನ್ನ ತಲೆ ಮೇಲಲ್ಲ" ಅಂದು ಎದ್ದು ಹೋದರು.

ರಾತ್ರಿ ಅಮ್ಮ ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಮಶೀನು ಬರೋ ಮೊದಲು ಅಪ್ಪ ಇಕ್ಕಳ ಹಿಡಿದರೆ ಎದುರು ನಿಂತು ಸಮ್ಮಟಿಗೆ ಹೊಡೆಯುತ್ತಿದ್ದದ್ದು ಅಮ್ಮ. ನಾನು ಹೊಟ್ಟೆಯಲ್ಲಿದ್ದಾಗಲೂ ಐದು ತಿಂಗಳವರೆಗೆ ಹೊಡೆದಿದ್ದಳಂತೆ. ಆಮೇಲೆ ಭುಜ ಎತ್ತೋಕಾಗದೆ ಹೋದಾಗ ಅಪ್ಪ ಅವಳ ಸರ ಅಡವಿಟ್ಟು ಈ ಮಶೀನು ತಂದಿದ್ದು. ಸರ ಬಿಡಿಸಲಿಲ್ಲ. "ಸರ ಹೋದ್ರೆ ಹೋಯ್ತು, ಕೈ ಉಳೀತಲ್ಲ" ಅಂದಳು. ಅವಳು ಯಾಕೆ ಫೋನ್ ಮಾಡಿದ್ದಳು ಅಂತ ಆಗ ಗೊತ್ತಾಯ್ತು. ಬೆಲೆಗಲ್ಲ. ಅದನ್ನ ಒಡೆದು ತುಂಡು ಮಾಡೋದು ಅವಳಿಗೆ ಬೇಡವಾಗಿತ್ತು.

ಲಾರಿ ಬಂದ ದಿನ ಅಮ್ಮ ಪ್ಲೇಟಿಗೆ ಮತ್ತೆ ಕುಂಕುಮ ಹಚ್ಚಿದಳು. ನನ್ನ ಅರ್ಧ ಗಂಟೆಯ ಕೆಲಸ ಹಾಳು :)

ನಿಮ್ಮೂರ ಕುಲುಮೆಯಲ್ಲೂ ಇಂಥದ್ದೊಂದು ನಿಂತಿದ್ದರೆ, ಗುಜರಿಗೆ ಹಾಕೋ ಮೊದಲು ದುಡಿಯೋ ಆಚಾರ್ರೊಬ್ಬರಿಗೆ ತೋರಿಸಿ. ಬಿರುಕಿದ್ದರೆ ಅದನ್ನೂ ತೋರಿಸಿ.

ಹೋದ ವಾರ ರಾಣೆಬೆನ್ನೂರಿನವರು ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದರು. ಬ್ರಾಕೆಟ್ ಹೊಸದು ಮಾಡಿಸಿದ್ದಾರೆ. ಜೋರಾಗಿ ಹಾಕಿದೆ. ಅಪ್ಪ ಏನೂ ಮಾತಾಡಲಿಲ್ಲ. ಅಮ್ಮ ಅಡುಗೆಮನೆಯಿಂದಲೇ "ಬೆಲ್ಟು ಸಡಿಲ ಆಗಿದೆ, ಹೇಳು ಅವರಿಗೆ" ಅಂದಳು.

ಹೇಳಿದೆ.