ಔರಾದದಿಂದ ಕಲ್ಯಾಣಕ್ಕೆ

ನಿಲಂಗಾದಿಂದ ಹೊರಟ ಎಸ್.ಟಿ. ಬಸ್ಸು ಔರಾದ ಶಹಾಜನಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ತೇರಣಾ ಬಂದು ಮಾಂಜ್ರಾವನ್ನು ಕೂಡುವ ಸೀಮೆ ಇದು. ಎರಿ ನೆಲ, ಎತ್ತ ನೋಡಿದರೂ ಸೋಯಾಬೀನು, ತೊಗರಿ. ಬೀದರ ಜಿಲ್ಲೆಯ ಔರಾದ ಬೇರೆ, ಲಾತೂರು ಜಿಲ್ಲೆಯ ಈ ಔರಾದ ಬೇರೆ. ಆದರೆ 1956ರವರೆಗೆ ಎರಡೂ ಬೀದರಕ್ಕೇ ಸೇರಿದ್ದವು. ರಾಜ್ಯಗಳ ವಿಂಗಡಣೆಯಾದಾಗ ನಿಲಂಗಾ, ಉದಗೀರ ಅತ್ತ ಹೋದವು, ಭಾಲ್ಕಿ ಇತ್ತ ಬಂತು. ಬೀಗರು ಎರಡೂ ಕಡೆ ಉಳಿದರು.

ಪೇಟೆಯ ಕಿರಾಣಿ ಅಂಗಡಿಯ ಫಲಕ ಮರಾಠಿಯಲ್ಲಿತ್ತು. ಗಿರಾಕಿಗಳೊಡನೆ ಮಾತೂ ಮರಾಠಿಯೇ. ಗಲ್ಲೆಯ ಮುಂದೆ ಕೂತವರು ಒಳಗಿನ ಹುಡುಗನನ್ನು ಗದರಿಸಿದ್ದು ಮಾತ್ರ ಅಪ್ಪಟ ಕನ್ನಡದಲ್ಲಿ. ನನಗೆ ಭಾಲ್ಕಿಯ ಇನ್ನೊಂದು ಫಲಕದ ನೆನಪಾಯಿತು.

ಭಾಲ್ಕಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತದ್ದು ಒಬ್ಬ ಮುದುಕಿ, ಹಣೆತುಂಬ ವಿಭೂತಿ. ಕೊರಳ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ. ತಿಕ್ಕಿ ತಿಕ್ಕಿ ಅಂಚು ಸವೆದು, ಒಂದು ಕಡೆ ತುಸು ನೆಗ್ಗಿತ್ತು. ಬಸ್ಸು ಕುಲುಕಿದಾಗಲೆಲ್ಲ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದಳು.

“ಎಲ್ಲಿಗಿ ಹೊಂಟೀರಿ ಆಯಿ?”

“ಕಲ್ಯಾಣಕ್ಕ ತಮ್ಮಾ. ಬಸವಣ್ಣನ ಗುಡಿಗಿ.”

ಭಾಲ್ಕಿಯಲ್ಲಿ ಬಸ್ಸು ಬದಲಿಸುವ ಮೊದಲು ಇಬ್ಬರೂ ಹಿರೇಮಠಕ್ಕೆ ಹೋಗಿಬಂದೆವು. ಪಕ್ಕದ ಕಮಲನಗರದಲ್ಲಿ ಹುಟ್ಟಿ, 1924ರಲ್ಲಿ ಈ ಮಠದ ಪಟ್ಟಕ್ಕೆ ಬಂದವರು ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳ್ವಿಕೆಯಲ್ಲಿ ಶಾಲೆ, ಕಚೇರಿ ಎಲ್ಲ ಉರ್ದು. 1929ರ ‘ಗಸ್ತಿ ನಿಶಾನ್ 53’ ಹುಕುಮಿನ ಮೇಲೆ ಸಭೆ ಸೇರುವುದಕ್ಕೂ ಅಪ್ಪಣೆ ಬೇಕಿತ್ತು. ಉದಗೀರದ ವಕೀಲ, ಆರ್ಯ ಸಮಾಜದ ಶ್ಯಾಮಲಾಲ 1938ರಲ್ಲಿ ಬೀದರದ ಜೈಲಿನಲ್ಲೇ ಪ್ರಾಣ ಬಿಟ್ಟರು. ಅಂಥ ಕಾಲದಲ್ಲಿ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಜೋಳಿಗೆ ಹಿಡಿದು ಊರೂರು ತಿರುಗಿ ಶಾಲೆ ನಡೆಸಿದರು.

ಪೂಜೆ, ಪಾದೋದಕ ಅಂದುಕೊಂಡು ಮಠದೊಳಗೆ ಕೂತಿದ್ದರೆ ಅವರನ್ನು ಕೇಳುವವರೇ ಇರಲಿಲ್ಲ. ಆದರೆ ವಚನ ಓದಲು ಬಾರದ ಮಗುವಿನ ಕೊರಳಿಗೆ ಲಿಂಗ ಕಟ್ಟಿದರೆ ಕೆಲಸ ಅರ್ಧಕ್ಕೆ ನಿಂತಂತೆ. ಕನ್ನಡ ಕಲಿಸುವುದೇ ಅವರ ಪೂಜೆಯಾಗಿತ್ತು ಎಂದು ನಾನು ನಂಬಿದ್ದೇನೆ. ಸಿಕ್ಕಿಬಿದ್ದರೆ ಶಾಲೆಯ ಜೊತೆ ಮಠವೂ ಹೋಗುತ್ತದೆ ಎಂಬುದು ಅವರಿಗೆ ತಿಳಿಯದ್ದೇನಲ್ಲ. ಊರಿನಲ್ಲಿ ಈಗಲೂ ‘ಅಪ್ಪಾವರು’ ಅಂದರೆ ಮೊದಲು ನೆನಪಾಗುವವರು ಅವರೇ. ಲಿಂಗೈಕ್ಯರಾದದ್ದು 1999ರಲ್ಲಿ.

ಹುಲಸೂರಿನ ದಾರಿಯಲ್ಲಿ ಗೋರ್ಟಾದ ಮಾತು ಬಂತು. 1948ರ ಮೇ ತಿಂಗಳಲ್ಲಿ ರಜಾಕಾರರು ಜನರನ್ನು ಕೊಂದ ಊರು. ಆಯಿ ಸುಮ್ಮನಾದಳು. ನಾನೂ ಕೆದಕಲಿಲ್ಲ.

ಬಸವಕಲ್ಯಾಣದಲ್ಲಿ ಗುಡಿಗೆ ಹೋಗಿ, ಅಲ್ಲಿಂದ ಹರಳಯ್ಯನ ಗವಿಗೆ ಹೋದೆವು. ಸಮಗಾರ ಹರಳಯ್ಯ ಮಗ ಶೀಲವಂತನಿಗೆ ಬ್ರಾಹ್ಮಣ ಮಧುವರಸನ ಮಗಳು ಲಾವಣ್ಯಳನ್ನು ತಂದುಕೊಂಡ. ಇಬ್ಬರೂ ಲಿಂಗವಂತರು, ಶರಣರ ಲೆಕ್ಕದಲ್ಲಿ ಇನ್ನು ಜಾತಿ ಎಲ್ಲಿಯದು? ಬಿಜ್ಜಳನ ಆಸ್ಥಾನಕ್ಕೆ ಅದು ವರ್ಣಸಂಕರ. ಬೀಗರಿಬ್ಬರನ್ನೂ ಎಳೆಹೂಟೆ ಕಟ್ಟಿಸಿ ಕೊಲ್ಲಿಸಿದ. ಕಲ್ಯಾಣ ಹೊತ್ತಿ ಉರಿಯಿತು, ಶರಣರು ವಚನದ ಕಟ್ಟು ಹೊತ್ತು ಉಳವಿಯ ಕಾಡು ಸೇರಿದರು. ಯುದ್ಧಕ್ಕಲ್ಲ, ಸಿಂಹಾಸನಕ್ಕಲ್ಲ, ಒಂದು ಮದುವೆಗಾಗಿ ತಲೆ ಕೊಟ್ಟವರು ಅವರು.

ಊರಿನಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. 770 ಶರಣರಿಗೆ 770 ಕಂಬ. ಕಟ್ಟಲಿ, ಸಂತೋಷ. ಆದರೆ ನನಗೆ ಗವಿಯ ಮುಂದಿನ ಕಟ್ಟೆಯೇ ಹೆಚ್ಚು.

ಆ ಕಟ್ಟೆಯ ಮೇಲೆ ಕೂತು ಆಯಿ ಗಂಟು ಬಿಚ್ಚಿ, ಕಟಕು ರೊಟ್ಟಿ, ಶೇಂಗಾ ಹಿಂಡಿ ನನ್ನ ಕೈಗಿತ್ತಳು. ಆಗ ಮಾತು ತೆಗೆದಳು. ಮೊಮ್ಮಗಳು ಪುಣೆಯಲ್ಲಿ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿದ್ದಾಳೆ, ಹುಡುಗ ದಲಿತರವನು. ಮನೆಯವರು ಹೆಸರೆತ್ತುವುದಿಲ್ಲ. ಹೋದರೆ ತಿರುಗಿ ಬರಬೇಡ ಅಂತ ಮಗ ಹೇಳಿದ್ದಾನೆ.

“ಹರಳಯ್ಯನ ಗವಿಗಿ ಕೈ ಮುಗದು, ಮೊಮ್ಮಗಳ ಮನಿಗಿ ಹೋಗಬ್ಯಾಡ ಅಂದ್ರ ಹ್ಯಾಂಗ ತಮ್ಮಾ?”

ಗಂಟಿನ ಅಡಿಯಲ್ಲಿ ಹೊಸ ಇಳಕಲ್ ಸೀರೆ ಮಡಿಚಿಟ್ಟಿದ್ದಳು. ಪುಣೆಯ ಬಸ್ಸು ಹಿಡಿಯಲು ಹೆದ್ದಾರಿಯ ಸಸ್ತಾಪುರ ಬಂಗಲಾಕ್ಕೆ ಹೋಗಬೇಕು. ಎಷ್ಟು ಹೊತ್ತಿಗೆ ಬರುತ್ತದೆ ಕೇಳಿ ಹೇಳು ಅಂದಳು. ನಾನು ಎದ್ದು ಆಟೋ ಕರೆದೆ.